ಎಲ್ಲೆ ಬರೆಯದ ದಾನ

ಒಳ್ಳೆಯ ಕೆಲಸವನ್ನು ಸದ್ದಿಲ್ಲದೆ ಮಾಡಬೇಕು, ಮಾಡಿದವರ ಹೆಸರು ಹೊರಗೆ ಬರಬಾರದು, ಬಂದರೆ ಪುಣ್ಯ ಸೋರಿಹೋಗುತ್ತದೆ ಎಂಬ ನಂಬಿಕೆ ಕನ್ನಡ ನಾಡಿನಲ್ಲಿ ವಾದಕ್ಕೆ ಒಳಪಡದ ಸತ್ಯವೆಂಬಂತೆ ಚಲಾವಣೆಯಲ್ಲಿದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಮಾತು ಮದುವೆ ಮನೆಯ ಹರಟೆಯಿಂದ ಹಿಡಿದು ಮಠದ ಆಶೀರ್ವಚನದವರೆಗೆ ಕೇಳಿಬರುತ್ತದೆ. ಕಾಡಿನಲ್ಲಿ ಯಾರಿಗೂ ಕಾಣದಂತೆ ಅರಳುವ ಹೂವನ್ನು ಬಾಳಿನ ಆದರ್ಶವಾಗಿಸಿದ ಡಿ.ವಿ.ಜಿ.ಯವರ ‘ವನಸುಮ’ ತಲೆಮಾರುಗಳಿಂದ ಪ್ರಾರ್ಥನೆಯಾಗಿ ಹಾಡಲ್ಪಡುತ್ತಿದೆ. ಸನ್ಮಾನಪತ್ರ ಬರೆಯುವವರಿಗಂತೂ ‘ಎಲೆಮರೆಯ ಕಾಯಿ’ ಎಂಬ ವಿಶೇಷಣವಿಲ್ಲದೆ ಒಂದು ವಾಕ್ಯವೂ ಮುಗಿಯುವುದಿಲ್ಲ. ಅಂಥ ಕಾಯಿಯನ್ನು ವೇದಿಕೆಗೆ ಕರೆತಂದು, ಶಾಲು ಹೊದಿಸಿ, ಹಾರ ಹಾಕಿ, ಫೋಟೋ ತೆಗೆಯುವಾಗಲೂ ಆ ವಿಶೇಷಣವನ್ನು ಕೈಬಿಡಬೇಕೆಂದು ಯಾರಿಗೂ ಅನ್ನಿಸದಿರುವುದು ಬೇರೆ ಮಾತು.

ಈ ನಂಬಿಕೆಯ ಒಳಗೆ ಎರಡು ಬೇರೆ ಸಂಗತಿಗಳು ಒಂದಕ್ಕೊಂದು ಅಂಟಿಕೊಂಡಿವೆ. ಒಂದು ನಿರಹಂಕಾರ, ಅಂದರೆ ಮಾಡಿದ್ದು ತಾನೆಂಬ ಹಮ್ಮು ಇಲ್ಲದಿರುವುದು; ಇದು ಮನಸ್ಸಿನ ಗುಣ. ಇನ್ನೊಂದು ಗೋಪ್ಯತೆ, ಅಂದರೆ ಯಾರು, ಎಷ್ಟು, ಎಲ್ಲಿಂದ ತಂದು, ಯಾರಿಗೆ ಕೊಟ್ಟರೆಂಬುದು ಇತರರಿಗೆ ತಿಳಿಯದಂತೆ ನೋಡಿಕೊಳ್ಳುವುದು. ಇದು ಮಾಹಿತಿಯ ಏರ್ಪಾಡು. ಮೊದಲನೆಯದರ ಮೌಲ್ಯದ ಬಗ್ಗೆ ತಕರಾರಿಲ್ಲ. ಎರಡನೆಯದು ಇದ್ದರೆ ಮೊದಲನೆಯದೂ ಇದೆಯೆಂದು ಭಾವಿಸುವ ಅಭ್ಯಾಸವೇ ಈ ಲೇಖನದ ಆಕ್ಷೇಪಕ್ಕೆ ಗುರಿಯಾಗಿರುವುದು, ಏಕೆಂದರೆ ಒಂದೂರಿನ ನೆಲ, ನೀರು ಮತ್ತು ಗಾಳಿಯಿಂದ ಸಂಪತ್ತು ಹುಟ್ಟುವ ಕಡೆಗಳಲ್ಲಿ ಈ ಅಭ್ಯಾಸ ನಿರುಪದ್ರವಿಯಾಗಿ ಉಳಿಯುವುದಿಲ್ಲ.

ಅಂಥ ಕಡೆಗಳಲ್ಲಿ ಒಂದು ಪಾಪಿನಾಯಕನಹಳ್ಳಿ. ಹೊಸಪೇಟೆಯಿಂದ ಬಳ್ಳಾರಿಯತ್ತ ಸಾಗುವ ಹೆದ್ದಾರಿ ಮತ್ತು ರೈಲುಮಾರ್ಗಗಳ ಮಗ್ಗುಲಲ್ಲಿರುವ ಈ ಊರು, ಕಾರಿಗನೂರು, ಗಾದಿಗನೂರು ಮೊದಲಾದ ನೆರೆಹಳ್ಳಿಗಳಂತೆ, ಸಂಡೂರಿನ ಗುಡ್ಡಸಾಲಿನ ಕಬ್ಬಿಣದ ಅದಿರಿನ ಪಟ್ಟಿಗೆ ಸೇರಿದ್ದು. ಅದಿರು ತುಂಬಿದ ಲಾರಿಗಳು ಓಡಾಡುವ ಇಂಥ ಹಳ್ಳಿಗಳಲ್ಲಿ ಕೆಂಧೂಳು ಮನೆಯ ಮಾಡಿಗೂ ಬೆಳೆಯ ಎಲೆಗೂ ಸಮನಾಗಿ ಕೂರುತ್ತದೆ, ಮತ್ತು ಇಂಥ ಹಳ್ಳಿಗಳಿಗೇ ಶಾಲೆಯ ಕೊಠಡಿ, ಶುದ್ಧ ಕುಡಿಯುವ ನೀರಿನ ಘಟಕ, ಗುಡಿಯ ಗೋಪುರ, ಸಾಮೂಹಿಕ ವಿವಾಹ ಎಂಬ ಹಲವು ರೂಪಗಳಲ್ಲಿ ದಾನವೂ ಬರುತ್ತದೆ. ಕಾಡಿನ ಹೂವು ತನ್ನ ಪರಿಮಳಕ್ಕಾಗಿ ಯಾರ ಹೊಲವನ್ನೂ ಅಗೆದಿರುವುದಿಲ್ಲ. ಆದ್ದರಿಂದ ಅದರ ಮೌನ ಅದಕ್ಕೆ ಒಪ್ಪುತ್ತದೆ. ಅದಿರಿನ ಹಣದಿಂದ ಹುಟ್ಟಿದ ದಾನಕ್ಕೆ ಆ ಮೌನವನ್ನು ಎರವಲು ಕೊಡಲಾಗದು.

ಗಣಿಗಾರಿಕೆಯ ಭರಾಟೆಯ ವರ್ಷಗಳನ್ನು ನೆನೆದರೆ ಈ ಮಾತು ಸ್ಪಷ್ಟವಾಗುತ್ತದೆ. 2009ರಲ್ಲಿ ಬಳ್ಳಾರಿಯ ಗಣಿ ಉದ್ಯಮಿಯೊಬ್ಬರು ತಿರುಪತಿಯ ದೇವರಿಗೆ ನಲವತ್ತು ಕೋಟಿ ರೂಪಾಯಿಗೂ ಹೆಚ್ಚು ಬೆಲೆಯ ವಜ್ರಖಚಿತ ಚಿನ್ನದ ಕಿರೀಟವನ್ನು ಅರ್ಪಿಸಿದಾಗ ನಾಡಿನ ಸಜ್ಜನರು ಎತ್ತಿದ ಮುಖ್ಯ ಆಕ್ಷೇಪ ಅದು ಆಡಂಬರವಾಯಿತೆಂಬುದಾಗಿತ್ತು. ಅಷ್ಟೇ ಮೊತ್ತವನ್ನು ಅವರು ಮುಸುಕಿನಲ್ಲಿ ಬಂದು ಹುಂಡಿಗೆ ಹಾಕಿ ಹೋಗಿದ್ದರೆ ಆ ಆಕ್ಷೇಪಕ್ಕೆ ಆಧಾರವೇ ಇರುತ್ತಿರಲಿಲ್ಲ. ಬದಲಿಗೆ ಅದನ್ನು ಗುಪ್ತದಾನವೆಂದು, ಅಂದರೆ ಕೊಟ್ಟವರ ಗುರುತು ಮರೆಸಿದ ಶ್ರೇಷ್ಠ ದಾನವೆಂದು ಹೊಗಳಬೇಕಾಗುತ್ತಿತ್ತು. ಹಣದ ಮೂಲವನ್ನು ಯಾರೂ ಕೇಳದ ಜಾಗವೆಂದರೆ ಹುಂಡಿ. ಗದ್ದಲವೊಂದನ್ನೇ ದೋಷವೆಂದು ಎಣಿಸುವ ದೃಷ್ಟಿ, ಆ ಗದ್ದಲದಿಂದಲೇ ಕಿರೀಟದ ಬೆಲೆ ಊರಿಗೆ ತಿಳಿಯಿತೆಂಬುದನ್ನೂ, ತಿಳಿದದ್ದರಿಂದಲೇ ಪ್ರಶ್ನೆ ಹುಟ್ಟಲು ಸಾಧ್ಯವಾಯಿತೆಂಬುದನ್ನೂ ಮರೆಯುತ್ತದೆ. ಹನ್ನೆರಡನೆಯ ಶತಮಾನದ ಶರಣರ ಕಥೆಗಳಲ್ಲಿ ಆಯ್ದಕ್ಕಿ ಲಕ್ಕಮ್ಮ, ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ತಂದಲ್ಲಿಗೇ ಸುರಿದು ಬರುವಂತೆ ಹೇಳಿ ಕಳಿಸುತ್ತಾಳೆ. ಮಾರಯ್ಯನ ದಾಸೋಹದಲ್ಲಿ ಅಬ್ಬರವೇನೂ ಇರಲಿಲ್ಲ, ಅವನು ನಡೆದದ್ದು ಮೌನವಾಗಿಯೇ. ಲಕ್ಕಮ್ಮನಿಗೆ ಆ ಮೌನ ಸಾಲದಾಯಿತು, ಅವಳ ಪ್ರಶ್ನೆ ಅಕ್ಕಿ ಬಂದ ದಾರಿಯನ್ನು ಕುರಿತದ್ದಾಗಿತ್ತು.

ಗುಪ್ತದಾನದ ಪರವಾಗಿ ಧರ್ಮಗ್ರಂಥಗಳನ್ನು ಸಾಕ್ಷಿಗೆ ಕರೆಯುವುದು ವಾಡಿಕೆ. ಆದರೆ ಆ ಸಾಕ್ಷಿಗಳು ಹೇಳುವುದನ್ನು ಪೂರ್ತಿ ಕೇಳಿದವರು ಕಡಿಮೆ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ದಾನವನ್ನು ಸಾತ್ತ್ವಿಕ, ರಾಜಸ, ತಾಮಸ ಎಂದು ಮೂರಾಗಿ ವಿಂಗಡಿಸುವಾಗ, ಪ್ರತಿಫಲದ ನಿರೀಕ್ಷೆಯಿಲ್ಲದೆ, ಕರ್ತವ್ಯವೆಂಬ ಭಾವದಿಂದ, ತಕ್ಕ ದೇಶಕಾಲಗಳಲ್ಲಿ ತಕ್ಕವರಿಗೆ ಕೊಡುವುದನ್ನು ಸಾತ್ತ್ವಿಕವೆಂದು ಕರೆಯುತ್ತದೆಯೇ ಹೊರತು, ಮರೆಯಲ್ಲಿ ಕೊಡಬೇಕೆಂಬ ಷರತ್ತನ್ನು ಅಲ್ಲಿ ವಿಧಿಸಿಲ್ಲ. ಎಡಗೈಯ ಮಾತು ಮತ್ತಾಯನ ಸುವಾರ್ತೆಯಲ್ಲಿ ಬರುವುದು ನಿಜ, ಆದರೆ ಅದು ಬರುವುದು ಬೀದಿಯಲ್ಲಿ ತುತ್ತೂರಿ ಊದಿಸಿಕೊಂಡು ಭಿಕ್ಷೆ ನೀಡುವವರನ್ನು ಟೀಕಿಸುವ ಸಂದರ್ಭದಲ್ಲಿ. ಖುರಾನ್ ಬಹಿರಂಗ ದಾನವನ್ನೂ ಒಳ್ಳೆಯದೆಂದೇ ಒಪ್ಪಿ, ಬಡವರಿಗೆ ಕೊಡುವಾಗ ಗುಟ್ಟಾಗಿ ಕೊಡುವುದು ಮತ್ತೂ ಒಳ್ಳೆಯದೆನ್ನುತ್ತದೆ. ಬಸವಣ್ಣನವರ ಶತಮಾನದಲ್ಲಿಯೇ ಈಜಿಪ್ಟಿನಲ್ಲಿದ್ದ ಯೆಹೂದಿ ಪಂಡಿತ ಮೈಮೊನಿಡೀಸ್ ದಾನಕ್ಕೆ ಎಂಟು ಮೆಟ್ಟಿಲುಗಳನ್ನು ಹೇಳುವಾಗ, ಕೊಟ್ಟವನಿಗೂ ಪಡೆದವನಿಗೂ ಪರಸ್ಪರ ಗುರುತಿಲ್ಲದ ದಾನವನ್ನು ಇರಿಸಿದ್ದು ಎರಡನೆಯ ಸ್ಥಾನದಲ್ಲಿ. ಎಲ್ಲಕ್ಕೂ ಮೇಲೆ ಇರಿಸಿದ್ದು ಬಿದ್ದವನಿಗೆ ಸಾಲ ಕೊಟ್ಟೋ, ವ್ಯವಹಾರದಲ್ಲಿ ಪಾಲುಗಾರನಾಗಿಸಿಕೊಂಡೋ, ಕೆಲಸ ಒದಗಿಸಿಯೋ, ಅವನು ಮುಂದೆ ಕೈಚಾಚದಂತೆ ಮಾಡುವುದನ್ನು. ಪಾಲುಗಾರಿಕೆಯನ್ನು ಗುಟ್ಟಾಗಿ ನಡೆಸಲು ಬರುವುದಿಲ್ಲ, ಅಲ್ಲಿ ಇಬ್ಬರ ಹೆಸರೂ ಲೆಕ್ಕದ ಪುಸ್ತಕದಲ್ಲಿ ಇರಬೇಕಾಗುತ್ತದೆ.

ಈ ಪರಂಪರೆಗಳು ಗುಟ್ಟನ್ನು ಮೆಚ್ಚುವಾಗ ಪಡೆಯುವವರ ಮಾನವೂ ಅವುಗಳ ಲೆಕ್ಕದಲ್ಲಿದೆ. 2020ರ ಲಾಕ್‌ಡೌನ್ ದಿನಗಳಲ್ಲಿ ಐದು ಕಿಲೋ ಅಕ್ಕಿಯ ಚೀಲವೊಂದಕ್ಕೆ ಹತ್ತು ಕೈಗಳು ಹತ್ತಿ, ಪಡೆಯುವ ಹೆಂಗಸಿನ ತಲೆ ತಗ್ಗಿದ್ದು ಕಾಣುವಂತೆ ತೆಗೆದ ಚಿತ್ರಗಳನ್ನು ಸಮರ್ಥಿಸಲು ಯಾರಿಂದಲೂ ಆಗದು. ಆದರೆ ಮುಚ್ಚಬೇಕಾದದ್ದು ಆ ಹೆಂಗಸಿನ ಮುಖವನ್ನು. ಅಕ್ಕಿ ಯಾವ ನಿಧಿಯಿಂದ ಬಂತು, ಎಷ್ಟು ಚೀಲ ಬಂತು, ಎಷ್ಟು ಮನೆ ತಲುಪಿತು ಎಂಬ ಲೆಕ್ಕವನ್ನಲ್ಲ. ಚಾಲ್ತಿಯಲ್ಲಿರುವ ನಂಬಿಕೆ ಈ ಎರಡರ ನಡುವಿನ ಗೆರೆಯನ್ನು ಅಳಿಸಿ, ಪಡೆದವರಿಗೆ ಸಲ್ಲಬೇಕಾದ ಮರೆಯನ್ನು ಕೊಟ್ಟವರ ತಲೆಯ ಮೇಲೆ ಕಿರೀಟವಾಗಿ ಇರಿಸಿದೆ.

ಕಲ್ಲಿನ ಮೇಲೆ ಹೆಸರು ಕೊರೆಸುವುದು ಅಹಂಕಾರದ ಗುರುತೆಂಬ ಮಾತನ್ನು ಹಂಪಿಯ ನೆರೆಯಲ್ಲಿ ನಿಂತು ಹೇಳುವುದು ಇನ್ನೂ ವಿಚಿತ್ರ. ವಿರೂಪಾಕ್ಷ ದೇವಾಲಯದಲ್ಲಿ 1510ರ ಶಾಸನ ಕೃಷ್ಣದೇವರಾಯ ಪಟ್ಟಾಭಿಷೇಕದ ಸಂದರ್ಭದಲ್ಲಿ ರಂಗಮಂಟಪ ಕಟ್ಟಿಸಿದ್ದನ್ನೂ ದೇವರಿಗೆ ಗ್ರಾಮ ಬಿಟ್ಟದ್ದನ್ನೂ ದಾಖಲಿಸುತ್ತದೆ; ಲಕ್ಷ್ಮೀನರಸಿಂಹನ ಏಕಶಿಲಾ ಮೂರ್ತಿಯ ಬಳಿ 1528ರ ಶಾಸನವಿದೆ. ದಾನಶಾಸನವೆಂದರೆ ದತ್ತಿಯನ್ನು ಕಲ್ಲಿನಲ್ಲೋ ತಾಮ್ರದಲ್ಲೋ ಬರೆಸಿಟ್ಟ ಪತ್ರ. ಅದರ ಆರಂಭದಲ್ಲಿ ಪ್ರಶಸ್ತಿ, ಅಂದರೆ ಅರಸನ ಬಿರುದಾವಳಿ, ಇರುತ್ತದೆ. ಅಲ್ಲಿ ಹಮ್ಮಿದೆಯೆಂದು ಯಾರಾದರೂ ದೂರಿದರೆ ಒಪ್ಪದೆ ಗತ್ಯಂತರವಿಲ್ಲ. ಆದರೆ ಬಿರುದು ಮುಗಿದ ಮೇಲೆ ಕಾಲ, ಕೊಟ್ಟ ವಸ್ತು, ಪಡೆದವರು, ಭೂಮಿಯಾದರೆ ಮೂಡಲಿಗೆ ಯಾವ ಹಳ್ಳ, ತೆಂಕಲಿಗೆ ಯಾವ ಬಂಡೆ ಎಂಬ ಎಲ್ಲೆಯ ವಿವರ ಬರುತ್ತದೆ. ಕೊನೆಯಲ್ಲಿ ಶಾಪಾಶಯ, ಅಂದರೆ ದತ್ತಿಯನ್ನು ಕಸಿದವರಿಗೆ ತಟ್ಟುವ ಶಾಪದ ಭಾಗ, ಇರುತ್ತದೆ. ಅಂಥವರು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟುತ್ತಾರೆಂಬ ಎಚ್ಚರಿಕೆ ಪರರಿಗಷ್ಟೇ ಸೀಮಿತವಲ್ಲ, ತಾನೇ ಕೊಟ್ಟದ್ದನ್ನು ತಾನೇ ಮರಳಿ ಕಿತ್ತುಕೊಳ್ಳುವವನಿಗೂ ಅನ್ವಯಿಸುತ್ತದೆ. ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಯುವುದು ಹಿರಿದೆಂಬ ಆಶಯ ನೂರಾರು ಶಾಸನಗಳಲ್ಲಿ ಮರುಕಳಿಸುತ್ತದೆ. ಹೀಗೆ ಬರೆಸಿದವನು ತನ್ನ ಕೀರ್ತಿಯನ್ನು ಹರಡಿದನೆಂಬುದು ಎಷ್ಟು ನಿಜವೋ, ತನ್ನ ಮತ್ತು ತನ್ನ ಸಂತತಿಯ ಕೈಯನ್ನು ಕಟ್ಟಿಹಾಕಿದನೆಂಬುದೂ ಅಷ್ಟೇ ನಿಜ. ಬರೆಯದೆ ಕೊಟ್ಟಿದ್ದರೆ ನಾಳೆ ಕಸಿದುಕೊಳ್ಳುವ ಸ್ವಾತಂತ್ರ್ಯ ಅವನಲ್ಲೇ ಉಳಿಯುತ್ತಿತ್ತು.

ಇಂದಿನ ನಾಮಫಲಕವನ್ನು ಈ ಶಾಸನದ ಪಕ್ಕದಲ್ಲಿ ಇರಿಸಿ ನೋಡಿದರೆ ಕೊರತೆ ಎಲ್ಲಿದೆಯೆಂದು ತಿಳಿಯುತ್ತದೆ. ಗಣಿಬಾಧಿತ ಹಳ್ಳಿಯ ನೀರಿನ ಘಟಕದ ಮೇಲೆ ದಾನಿಯ ಹೆಸರು, ಉದ್ಘಾಟಿಸಿದವರ ಹೆಸರು, ಘನ ಉಪಸ್ಥಿತರ ಸಾಲು, ಎಲ್ಲವೂ ಬಣ್ಣದಲ್ಲಿ ಇರುತ್ತವೆ. ಖರ್ಚಾದ ಹಣವೆಷ್ಟು, ಅದು ಯಾವ ಖಾತೆಯದು, ಯಂತ್ರದ ಶೋಧಕವನ್ನು ಬದಲಿಸುವ ಹೊಣೆ ಯಾರದು, ಕೆಟ್ಟರೆ ಯಾರನ್ನು ಕೇಳಬೇಕು ಎಂಬ ಒಂದು ಸಾಲೂ ಇರುವುದಿಲ್ಲ. ಶಾಸನದ ತಲೆಯನ್ನು ಉಳಿಸಿಕೊಂಡು ಒಡಲನ್ನು ಬಿಸಾಡಿದ ಬರಹ ಇದು. ಗುಪ್ತದಾನದ ಪಕ್ಷಪಾತಿಗಳು ಇದನ್ನು ಕಂಡು ಫಲಕವೇ ಬೇಡವೆನ್ನುತ್ತಾರೆ. ಫಲಕ ಹೆಚ್ಚು ಮಾತಾಡಿತೆಂಬುದು ಅವರ ದೂರು. ಅದು ಆಡಬೇಕಾದದ್ದನ್ನು ಆಡಲಿಲ್ಲವೆಂಬುದು ಹಳ್ಳಿಯ ದೂರಾಗಬೇಕು.

ಬರೆದಿಡುವುದರಿಂದ ಉಳಿಯುವುದು ಕೊಟ್ಟವನ ಹೆಸರು ಮಾತ್ರವೂ ಅಲ್ಲ. ಒಂದನೆಯ ಬುಕ್ಕನ ಮಗ ಭಾಸ್ಕರ 1369ರಲ್ಲಿ, ಈಗ ಆಂಧ್ರದ ಕಡಪ ಜಿಲ್ಲೆಗೆ ಸೇರಿದ ಪೋರುಮಾಮಿಳ್ಳದಲ್ಲಿ, ಕಟ್ಟಿಸಿದ ಕೆರೆಯ ಶಾಸನ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರಬಹುದಾದ ಆರು ದೋಷಗಳನ್ನೂ ಹೇಳಿ, ದಿನಕ್ಕೆ ಸಾವಿರ ಆಳುಗಳು ಮತ್ತು ನೂರು ಬಂಡಿಗಳಂತೆ ಎರಡು ವರ್ಷ ಕೆಲಸ ನಡೆಯಿತೆಂದು ತಿಳಿಸುತ್ತದೆ. ಆ ಸಾವಿರ ಜನರ ಹೆಸರುಗಳು ಅದರಲ್ಲಿಲ್ಲದಿದ್ದರೂ ಅವರು ಇದ್ದರೆಂಬ ಲೆಕ್ಕ ಉಳಿದಿದೆ, ಜೊತೆಗೆ ಮುಂದಿನವರು ಕೆರೆ ಕಟ್ಟಲು ಬೇಕಾದ ತಿಳಿವಳಿಕೆಯೂ ಉಳಿದಿದೆ. ಹೊಸಪೇಟೆಯ ಬಳಿ ಕೃಷ್ಣದೇವರಾಯ ಕಟ್ಟಿಸಿದ ದೊಡ್ಡ ಕೆರೆಯ ಕಥೆ ತಿಳಿಯುವುದಾದರೂ ಪೋರ್ಚುಗೀಸರಾದ ಪೇಸ್ ಮತ್ತು ನೂನಿಜ್ ಬರೆದಿಟ್ಟಿದ್ದರಿಂದ. ಹದಿನೈದಿಪ್ಪತ್ತು ಸಾವಿರ ಜನ ಇರುವೆಗಳಂತೆ ಮುತ್ತಿ ದುಡಿಯುತ್ತಿದ್ದುದನ್ನು ಪೇಸ್ ಕಂಡಿದ್ದ. ಕಟ್ಟೆ ಮತ್ತೆ ಮತ್ತೆ ಒಡೆದಾಗ ಅರವತ್ತು ಮನುಷ್ಯರನ್ನು ಬಲಿಕೊಟ್ಟ ಸಂಗತಿಯನ್ನೂ ಅವನೇ ಹೇಳುತ್ತಾನೆ. ಆ ನೀರಿನ ಕೆಳಗಿನ ಭೂಮಿಯನ್ನು ರೈತರು ಹದ ಮಾಡಿಕೊಳ್ಳಲೆಂದು ಒಂಬತ್ತು ವರ್ಷ ಕಂದಾಯವಿಲ್ಲದೆ ಬಿಟ್ಟರೆಂದು ನೂನಿಜ್ ತಿಳಿಸುತ್ತಾನೆ. ಸದ್ದಿಲ್ಲದ ಸತ್ಕಾರ್ಯವಾಗಿದ್ದರೆ ಇವೆರಡೂ ಮರೆಯಾಗಿ, ಒಂಬತ್ತು ವರ್ಷದ ಹಕ್ಕೂ ಅರವತ್ತು ಕೊರಳುಗಳ ಪಾಪವೂ ಒಟ್ಟಿಗೆ ಮಣ್ಣು ಸೇರುತ್ತಿದ್ದವು.

ಅದೇ ಸೀಮೆಯಲ್ಲಿ, 2024ರ ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತು. ತುಂಬಿದ ಜಲಾಶಯದಿಂದ ನೀರು ಧುಮ್ಮಿಕ್ಕುತ್ತಿರುವಾಗಲೇ, ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ಒಂದು ವಾರದೊಳಗೆ ಸ್ಟಾಪ್‌ಲಾಗ್, ಅಂದರೆ ಒಂದರ ಮೇಲೊಂದು ಇಳಿಸುವ ತಾತ್ಕಾಲಿಕ ಉಕ್ಕಿನ ತಡೆ, ಕೂರಿಸಿ ಲಕ್ಷಾಂತರ ಎಕರೆಯ ಬೆಳೆಗೆ ನೀರು ಉಳಿಸಿದರು. ಈ ಕೆಲಸಕ್ಕೆ ಸುದ್ದಿ ಸಿಕ್ಕಿತು, ಸಿಗಬೇಕಾದದ್ದೇ. ಆದರೆ ಗೇಟುಗಳಿಗೆ ವರ್ಷವರ್ಷವೂ ಗ್ರೀಸ್ ಹಚ್ಚುವವರು, ಕಾಲುವೆಯ ಹೂಳು ತೆಗೆಯುವವರು, ರಾತ್ರಿಯಲ್ಲಿ ತೂಬು ಕಾಯುವವರು ನಿಜವಾದ ಅರ್ಥದಲ್ಲಿ ಎಲೆಮರೆಯಲ್ಲಿದ್ದಾರೆ. ಅವರ ಮೌನವನ್ನು ಸದ್ಗುಣವೆಂದು ಕೊಂಡಾಡುವ ಸಮಾಜಕ್ಕೆ ಅವರ ಸಂಬಳದ ಬಾಕಿಯೂ ಖಾಲಿ ಉಳಿದ ಅವರ ಹುದ್ದೆಗಳೂ ಕಾಣದೆ ಹೋಗುವುದು ಆಕಸ್ಮಿಕವಲ್ಲ. ಕಾಣಿಸದಿರುವುದೇ ಹಿರಿಮೆಯೆಂದು ಒಪ್ಪಿದ ಮೇಲೆ ಕಾಣುವ ಬಾಧ್ಯತೆಯೂ ತಪ್ಪುತ್ತದೆ.

ಇದಕ್ಕೆ ಹಂಪಿಯಲ್ಲಿಯೇ ಹೆಚ್ಚು ಹಳೆಯ ನಿದರ್ಶನವಿದೆ. ಲಕ್ಷ್ಮೀನರಸಿಂಹನ ಪಕ್ಕದಲ್ಲಿ, ಸದಾ ನೀರಿನಲ್ಲಿ ನಿಂತಿರುವ ಎತ್ತರದ ಶಿವಲಿಂಗವನ್ನು ಜನ ಬಡವಿಲಿಂಗವೆನ್ನುತ್ತಾರೆ. ಬಡವಿಯೊಬ್ಬಳು ಮಾಡಿಸಿದ್ದೆಂಬುದು ಐತಿಹ್ಯ. ಒಂದೆಡೆ ಹೆಸರು ಬರೆಸಿದ ಅರಸ, ಇನ್ನೊಂದೆಡೆ ಹೆಸರನ್ನೇ ಬಿಡದೆ ಹೋದ ಬಡವಿ ಎಂದು ತೋರಿಸಿ, ಇಬ್ಬರಲ್ಲಿ ದೊಡ್ಡವರು ಯಾರೆಂದು ಕೇಳುವುದು ಉಪನ್ಯಾಸಕಾರರಿಗೆ ಪ್ರಿಯವಾದ ತಿರುವು. ಆ ತಿರುವಿನಲ್ಲಿ ಒಂದು ಕ್ರೌರ್ಯ ಅಡಗಿದೆ. ಐತಿಹ್ಯವನ್ನು ನಿಜವೆಂದೇ ಇಟ್ಟುಕೊಂಡರೂ, ಆ ಹೆಂಗಸು ತನ್ನ ಹೆಸರನ್ನು ಮರೆಮಾಡಲು ಬಯಸಿದಳೆಂದು ಎಲ್ಲೂ ಹೇಳಿಲ್ಲ. ಶಾಸನ ಕೊರೆಸುವ ಹಣ, ಬರೆಯುವ ಪಂಡಿತ, ಅದನ್ನು ಮಾನ್ಯಮಾಡುವ ಅಧಿಕಾರ, ಇವುಗಳಲ್ಲಿ ಯಾವುದೂ ಬಡವಿಯ ಕೈಯಲ್ಲಿ ಇರುವಂಥದ್ದಲ್ಲ. ದಕ್ಕದೆ ಹೋದದ್ದನ್ನು ತ್ಯಜಿಸಿದ್ದೆಂದು ಬರೆದುಕೊಂಡು, ಅವಳ ಬಡತನವನ್ನೇ ಅವಳ ವಿನಯವೆಂದು ಹೊಗಳಿದರೆ ಅವಳಿಗೆ ಎರಡನೆಯ ಸಲ ಮೋಸವಾದಂತೆ. ಹುಲಿಕಲ್ಲು–ಕುದೂರು ರಸ್ತೆಯ ಆಲದ ಮರಗಳ ವಿಷಯದಲ್ಲಿ ಹಾಗಾಗಲಿಲ್ಲ. 2019ರಲ್ಲಿ ರಸ್ತೆ ಅಗಲೀಕರಣದಿಂದ ಆ ಮರಗಳಿಗೆ ಕುತ್ತು ಬಂದಾಗ, ಅವನ್ನು ನೆಟ್ಟು ಬೆಳೆಸಿದ ಸಾಲುಮರದ ತಿಮ್ಮಕ್ಕನವರಿಗೆ ತಮ್ಮ ಹೆಸರಿನ ಬಲದಿಂದಲೇ ಸರ್ಕಾರದ ಮುಂದೆ ಹೋಗಿ ಪರ್ಯಾಯ ಹುಡುಕುವಂತೆ ಕೇಳಲು ಸಾಧ್ಯವಾಯಿತು. ನೆಟ್ಟವರು ಯಾರೆಂದು ತಿಳಿಯದ ಸಾಲುಮರಗಳು ಅಗಲೀಕರಣದ ಗುತ್ತಿಗೆದಾರನಿಗೆ ಬರಿಯ ಘನ ಅಡಿಗಳು.

ಸದ್ದು ಮಾಡಿದ ಮಾತ್ರಕ್ಕೆ ಹಮ್ಮು ಬರುತ್ತದೆಂಬ ತೀರ್ಮಾನಕ್ಕೂ ಆಧಾರ ಸಾಲದು. ತುಂಗಭದ್ರೆಯ ಆಚೆ ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲ ಹಳ್ಳಿಗಳಿಂದ ಜೋಳದ ರೊಟ್ಟಿ ಬರುವುದು ಟ್ರ್ಯಾಕ್ಟರುಗಳಲ್ಲಿ, ಬಂಡಿಗಳಲ್ಲಿ, ಮೆರವಣಿಗೆಯಲ್ಲಿ. ಯಾವ ಊರಿನಿಂದ ಎಷ್ಟು ಬಂತೆಂಬುದು ಎಲ್ಲರ ಬಾಯಲ್ಲಿರುತ್ತದೆ. ಇಷ್ಟು ಗದ್ದಲದ ದಾಸೋಹದಲ್ಲಿ ದಾನಿಯೆಂದು ಬೊಟ್ಟು ಮಾಡಲು ಒಬ್ಬರೂ ಸಿಗುವುದಿಲ್ಲ, ಏಕೆಂದರೆ ರೊಟ್ಟಿ ತಟ್ಟಿದವರೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ದಾಸೋಹವೆಂಬ ಶರಣರ ಕಲ್ಪನೆ ದಾನದಿಂದ ಬೇರೆಯಾಗುವುದು ಇಲ್ಲಿಯೇ: ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ, ದಾಸೋಹದಲ್ಲಿ ಕೊಡುವವನು ತಾನು ಸೇವಕನೆಂದು ಒಪ್ಪಿಕೊಂಡಿರುತ್ತಾನೆ, ಮತ್ತು ಸೇವಕನನ್ನು ಲೆಕ್ಕ ಕೇಳಬಹುದು. ಹಮ್ಮು ಕರಗುವುದು ಈ ಕೇಳುವ ಅವಕಾಶ ತೆರೆದಿರುವಲ್ಲಿ.

ಗಣಿನಾಡಿನ ಮಟ್ಟಿಗಂತೂ ದಾನವೆಂದು ಕರೆಯಲ್ಪಡುವ ಬಹುಪಾಲು ದಾನವೇ ಅಲ್ಲ. 2013ರ ಕಂಪನಿ ಕಾಯಿದೆಯ 135ನೇ ಕಲಮಿನ ಪ್ರಕಾರ, ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ, 1,000 ಕೋಟಿ ವಹಿವಾಟು ಅಥವಾ 500 ಕೋಟಿ ನಿವ್ವಳ ಸಂಪತ್ತು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಗಳಿಗೆ ವಿನಿಯೋಗಿಸಬೇಕು, ಸಿ.ಎಸ್.ಆರ್. ಎಂದು ಊರವರು ಕರೆಯುವುದು ಇದನ್ನೇ. 2015ರಲ್ಲಿ ತಿದ್ದುಪಡಿಯಾದ ಗಣಿ ಕಾಯಿದೆ ಜಿಲ್ಲಾ ಖನಿಜ ಪ್ರತಿಷ್ಠಾನಗಳನ್ನು ಹುಟ್ಟುಹಾಕಿ, ಹಳೆಯ ಗುತ್ತಿಗೆದಾರರು ರಾಜಧನದ, ಅಂದರೆ ತೆಗೆದ ಖನಿಜಕ್ಕೆ ಸರ್ಕಾರಕ್ಕೆ ಸಲ್ಲಿಸುವ ಪಾಲಿನ, ಶೇ. 30ರಷ್ಟನ್ನೂ ಹರಾಜಿನಲ್ಲಿ ಗುತ್ತಿಗೆ ಪಡೆದವರು ಶೇ. 10ರಷ್ಟನ್ನೂ ಹೆಚ್ಚುವರಿಯಾಗಿ ಆ ಪ್ರತಿಷ್ಠಾನಕ್ಕೆ ಕಟ್ಟಬೇಕೆಂದಿತು. ಕಾನೂನಿನಂತೆ ತೀರಿಸಬೇಕಾದ ಬಾಕಿಯನ್ನು ನಿಶ್ಶಬ್ದವಾಗಿ ತೀರಿಸಿದವರನ್ನು ನಿರಹಂಕಾರಿಗಳೆಂದು ಕೊಂಡಾಡುವುದು ಸಾಲಗಾರನಿಗೆ ಸನ್ಮಾನ ಮಾಡಿದಂತೆ. ಅದಕ್ಕೂ ಮಿಗಿಲಾಗಿ, ಹಾಗೆ ಕೊಂಡಾಡುವಲ್ಲಿ ಪಡೆಯುವ ಹಳ್ಳಿಯ ಹಕ್ಕು ಉಪಕಾರದ ವೇಷ ತೊಡುತ್ತದೆ, ಮತ್ತು ಉಪಕಾರ ಪಡೆದವರು ಲೆಕ್ಕ ಕೇಳಿದರೆ ಕೃತಘ್ನರೆನಿಸಿಕೊಳ್ಳುತ್ತಾರೆ.

ಈ ನಂಬಿಕೆಯ ಕೊನೆಯ ದೋಷ ಅದರ ಎಣಿಕೆಯಲ್ಲಿದೆ: ಅದು ಕೊಡುವುದನ್ನು ಮಾತ್ರ ಒಳ್ಳೆಯ ಕೆಲಸವೆಂದು ಎಣಿಸುತ್ತದೆ, ಕೇಳುವುದನ್ನು ಎಣಿಸುವುದಿಲ್ಲ. 2009ರಲ್ಲಿ ಸಮಾಜ ಪರಿವರ್ತನ ಸಮುದಾಯ ಅಕ್ರಮ ಗಣಿಗಾರಿಕೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದದ್ದು ಬಹಿರಂಗವಾದ, ಗದ್ದಲದ, ಹಲವರಿಗೆ ಕಿರಿಕಿರಿ ತಂದ ಕೆಲಸವಾಗಿತ್ತು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ 2011ರ ಜುಲೈ ವರದಿ ಹೆಸರುಗಳನ್ನು ಮುಚ್ಚಿಡದೆ ಬರೆದು, ಸುಮಾರು 3 ಕೋಟಿ ಟನ್ ಅದಿರು ಅಕ್ರಮವಾಗಿ ರಫ್ತಾದದ್ದನ್ನು ಲೆಕ್ಕ ಹಾಕಿತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ಆ ತಡೆಯಿಂದ ಲಾರಿ ಸಾಲ ಮಾಡಿಕೊಂಡವರೂ ಅದಿರು ಆಯುತ್ತಿದ್ದ ಕೂಲಿಗಳೂ ಬೀದಿಗೆ ಬಿದ್ದರೆಂಬುದನ್ನು ಅಲ್ಲಗಳೆಯಲಾಗದು, ಮತ್ತು ಅವರ ನಷ್ಟದ ಲೆಕ್ಕವನ್ನು ಅಷ್ಟೇ ಕಾಳಜಿಯಿಂದ ಬರೆದಿಟ್ಟವರು ವಿರಳ. ಗಣಿಗಳು ಮತ್ತೆ ತೆರೆದದ್ದು ನ್ಯಾಯಾಲಯ ಹಾಕಿದ ಷರತ್ತುಗಳೊಂದಿಗೆ. ಅದಿರು ಮಾರಾಟದ ಹಣದಲ್ಲಿ ಒಂದು ಪಾಲು ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಬೇರೆಯಾಗಿ ಕೂಡತೊಡಗಿತು, 2014ರಲ್ಲಿ ಅದಕ್ಕಾಗಿಯೇ ಒಂದು ನಿಗಮವೂ ಸ್ಥಾಪನೆಯಾಯಿತು, ಮತ್ತು ನಿಧಿ ಸಾವಿರಾರು ಕೋಟಿಗೆ ಬೆಳೆಯಿತು. ಪಾಪಿನಾಯಕನಹಳ್ಳಿಯ ಸೀಮೆಗೆ ಸಲ್ಲಬೇಕಾದ ಈ ದೊಡ್ಡ ಮೊತ್ತ ಯಾವ ಎಲೆಮರೆಯ ಉದಾರಿಯಿಂದಲೂ ಬಂದದ್ದಲ್ಲ. ಅದು ಬಂದದ್ದು ಅರ್ಜಿ, ಸಾಕ್ಷ್ಯ, ನಕ್ಷೆ ಮತ್ತು ಹೆಸರುಗಳನ್ನು ಗಟ್ಟಿಯಾಗಿ ಓದಿ ಹೇಳಿದವರಿಂದ, ಮತ್ತು ಅದರ ಖರ್ಚಿನ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಅಷ್ಟೇ ಗಟ್ಟಿಯಾಗಿ ಓದಿಸುವ ಕೆಲಸ ಇನ್ನೂ ಬಾಕಿ ಇದೆ.